ಕುಂಬಳಕಾಯಿಗೆ ಮೊದಲ ಗೀರು

ಚಾಕು ಹರಿತವಾಗಿದೆಯೇ ಎಂದು ಹೆಬ್ಬೆರಳು ಸವರಿ ನೋಡುವವರನ್ನು ಕಂಡರೆ ನಮ್ಮಪ್ಪನಿಗೆ ನಗು ಬರುತ್ತಿತ್ತು. ಮೊದಲು ಹುರಿಹಗ್ಗ ಕೊಯ್ಯಬೇಕು, ಆಮೇಲೆ ಅದೇ ಚಾಕಿನಲ್ಲಿ ಟೊಮೇಟೊ ಹೆಚ್ಚಬೇಕು ಎನ್ನುತ್ತಿದ್ದರು. ಹೊಸದಾಗಿದ್ದಾಗ ಯಾವ ಚಾಕಾದರೂ ಟೊಮೇಟೊ ಹೆಚ್ಚುತ್ತದೆ. ಹಗ್ಗ ಕೊಯ್ದ ಮೇಲೂ ಹೆಚ್ಚಿದರೆ ಅದು ಚಾಕು. ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿ ಸರ್ವಿಸ್ ಪೂರ್ತಿ ಹುರಿ ಕತ್ತರಿಸಿದ ಗುಮಾಸ್ತರ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಎದುರಾಡುತ್ತಿದ್ದವರು ಮಲ್ಲೇಶ್ವರಂನಲ್ಲಿದ್ದ ನಮ್ಮ ಮಾವ, ಅಮ್ಮನ ತಮ್ಮ. ತೊಂಬತ್ತರ ದಶಕದಲ್ಲಿ ಸಹೋದ್ಯೋಗಿಯೊಬ್ಬರು ದುಬೈನಿಂದ ತಂದುಕೊಟ್ಟ ಕೆಂಪು ಹಿಡಿಯ ಮಡಿಸುವ ಚಾಕು ಅವರ ಬಳಿ ಇತ್ತು. ಅದರ ಹೊಟ್ಟೆಯೊಳಗೆ ಪುಟ್ಟ ಕತ್ತರಿ, ಬಾಟಲಿ ಓಪನರ್, ಹಲ್ಲುಕಡ್ಡಿ ಎಲ್ಲ ಇದ್ದವು. ಅಪ್ಪನದು ಕಾಟನ್‌ಪೇಟೆಯ ಸಗಟು ಅಂಗಡಿಯಲ್ಲಿ ಆರಿಸಿ ತಂದದ್ದು. ಅದೂ ಮಡಿಸುವಂಥದೇ, ಆದರೆ ಮರದ ಹಿಡಿ, ಕಪ್ಪು ಉಕ್ಕು, ಒಂದೇ ಅಲಗು. ಭಾನುವಾರ ಬೆಳಿಗ್ಗೆ ಮಾವ ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದು ಕಾಫಿ ಮುಗಿಸಿದರೆಂದರೆ ಸ್ಪರ್ಧೆ ಶುರುವಾಗುತ್ತಿತ್ತು.

ನಿಯಮಗಳೆಲ್ಲ ಅಪ್ಪನವೇ. ನಡುವೆ ಸಾಣೆ ಹಿಡಿಯುವಂತಿಲ್ಲ, ಇಬ್ಬರಿಗೂ ಒಂದೇ ಹಗ್ಗದ ತುಂಡು, ಒಂದೇ ರಟ್ಟಿನ ಪೆಟ್ಟಿಗೆ, ಹಿಂದಿನ ದಿನದ ಪೇಪರಿನ ಒಂದೇ ಹಾಳೆ. ಪೇಪರಿನಲ್ಲಿ ಯಾವಾಗಲೂ ಮಾವನ ಚಾಕೇ ಗೆಲ್ಲುತ್ತಿತ್ತು, ಸದ್ದಿಲ್ಲದೆ ಇಳಿಯುತ್ತಿತ್ತು. ಅಪ್ಪನದು ಕೊನೆಯ ಬೆರಳಗಲದಲ್ಲಿ ಹಾಳೆಯನ್ನು ಹರಿದುಬಿಡುತ್ತಿತ್ತು. ಹಗ್ಗಕ್ಕೆ ಬಂದರೆ ಮಾತ್ರ ಕೆಂಪು ಚಾಕು ಜಾರುತ್ತಿತ್ತು, ಕಪ್ಪು ಚಾಕು ಕಚ್ಚಿ ಹಿಡಿಯುತ್ತಿತ್ತು. ಮಾವಿನಕಾಯಿಗೆ ಅಪ್ಪನ ಚಾಕನ್ನು ಅಮ್ಮ ಮುಟ್ಟಿಸುತ್ತಿರಲಿಲ್ಲ. ಹುಳಿ ತಾಗಿದರೆ ಅದು ಕಪ್ಪಗಾಗುತ್ತಿತ್ತು, ಹೋಳಿಗೂ ಕಬ್ಬಿಣದ ವಾಸನೆ ಹತ್ತುತ್ತಿತ್ತು. ಸೋತಾಗಲೆಲ್ಲ ಮಾವ ಹಗ್ಗ ಒದ್ದೆಯಾಗಿದೆ ಎಂದೋ, ರಟ್ಟು ಸರಿಯಿಲ್ಲ ಎಂದೋ ತಕರಾರು ತೆಗೆಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಮ್ಮ ಒಳಗಿನಿಂದಲೇ ತಮ್ಮನ ಕಾಲೆಳೆಯುತ್ತಿದ್ದಳು. ಅವಳಿಗೆ ತನ್ನ ಈಳಿಗೆಮಣೆಯ ಮುಂದೆ ಇವೆರಡೂ ಆಟದ ಸಾಮಾನು.

ಅಪ್ಪನ ಚಾಕಿಗೆ ಇನ್ನೊಂದು ಉದ್ಯೋಗವಿತ್ತು. ನಮ್ಮಲ್ಲಿ ಹೆಂಗಸರು ಇಡೀ ಕುಂಬಳಕಾಯಿಯನ್ನು ಒಡೆಯುವುದಿಲ್ಲ. ಮೊದಲ ಗೀರು ಗಂಡಸಿನ ಕೈಯಿಂದಲೇ ಆಗಬೇಕು, ಮಿಕ್ಕದ್ದನ್ನು ಹೆಂಗಸರು ಹೆಚ್ಚಿಕೊಳ್ಳಬಹುದು. ವಠಾರದ ಗಂಡಸರೆಲ್ಲ ಬೆಳಿಗ್ಗೆಯೇ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ನಿವೃತ್ತರಾಗಿ ಮನೆಯಲ್ಲಿರುತ್ತಿದ್ದವರು ಅಪ್ಪ ಒಬ್ಬರೇ. ಹಾಗಾಗಿ ಹುಳಿಗೋ ಪಲ್ಯಕ್ಕೋ ಕುಂಬಳಕಾಯಿ ತಂದವರೆಲ್ಲ ಅದನ್ನು ಸೊಂಟದ ಮೇಲೆ ಕೂಸಿನ ಹಾಗೆ ಎತ್ತಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅಪ್ಪ ಜೇಬಿನಿಂದ ಚಾಕು ತೆಗೆದು, ಕಾಯಿಯನ್ನು ತಿರುಗಿಸಿ ನೋಡಿ, ತೊಟ್ಟಿನ ಪಕ್ಕದಿಂದ ಒಂದು ಉದ್ದನೆಯ ಗೀರು ಎಳೆದು ಕೊಡುತ್ತಿದ್ದರು. ಕಾಯಿ ಎಳೆಯದೋ ಬಲಿತದ್ದೋ, ಅಂಗಡಿಯವನು ಮೋಸ ಮಾಡಿದನೋ ಇಲ್ಲವೋ ಎಂಬುದೆಲ್ಲ ಆ ಗೀರಿನಲ್ಲೇ ತಿಳಿದುಬಿಡುತ್ತಿತ್ತು. ಅದನ್ನು ಹೇಳದೆ ಯಾರನ್ನೂ ಕಳಿಸುತ್ತಿರಲಿಲ್ಲ.

ಕಾಲೇಜಿಗೆ ಹೋಗುತ್ತಿದ್ದ ನನಗೆ ಈ ಪದ್ಧತಿ ಕಂಡರೆ ಮೈಯುರಿ. ಹುಡುಗಿಯಾದರೇನು, ನಾನೇ ಹೆಚ್ಚುತ್ತೇನೆ, ಏನಾಗುತ್ತದೋ ನೋಡೋಣ ಎಂದು ಎಷ್ಟೋ ಸಲ ಅಮ್ಮನ ಹತ್ತಿರ ಜಗಳಕ್ಕೆ ನಿಂತಿದ್ದೇನೆ. ಒಮ್ಮೆ ಅವಳು ಕೈಕೆಲಸ ನಿಲ್ಲಿಸಿ ನನ್ನನ್ನೇ ನೋಡಿದಳು.

“ಹೆಚ್ಚು, ಬೇಡ ಅಂದೋರ್ಯಾರು? ಆದ್ರೆ ರಿಟೈರ್ ಆದ್ಮೇಲೆ ಜನ ಅವರನ್ನ ಹುಡುಕ್ಕೊಂಡು ಬರೋದು ಇದೊಂದಕ್ಕೇನೆ.”

ಆಮೇಲೆ ನಾನು ಆ ಮಾತೆತ್ತಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಪ್ಪನ ಬಲಗೈ ನಡುಗತೊಡಗಿತು. ಮೊದಮೊದಲು ಕಾಫಿ ಲೋಟದಲ್ಲಿ ಮಾತ್ರ ಕಾಣುತ್ತಿತ್ತು, ಕ್ರಮೇಣ ಗೀರಿನಲ್ಲೂ ಕಾಣಿಸಿತು. ಉದ್ದಕ್ಕೆ ನೇರವಾಗಿ ಬರುತ್ತಿದ್ದ ಗೆರೆ ಈಗ ಸಿಪ್ಪೆಯ ಮೇಲೆ ಅಲ್ಲಲ್ಲಿ ತಪ್ಪಿ ಓಡುತ್ತಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅಪ್ಪ ಮಾತ್ರೆಯನ್ನೂ ನುಂಗಿದರು, ಚಾಕು ಮೊಂಡಾಗಿದೆ ಎಂದೂ ಹೇಳಿದರು. ಸಾಣೆಕಲ್ಲು ಸಾಲದೆಂದು ಪಿಂಗಾಣಿ ಬಟ್ಟಲಿನ ತಳಕ್ಕೆ ಉಜ್ಜಿದರು, ಹಳೆಯ ಬೆಲ್ಟಿನ ಚರ್ಮಕ್ಕೆ ತೀಡಿದರು. ನೆಲ ಡೊಂಕಿನ ಗಾದೆಯನ್ನು ಅಮ್ಮ ಈಗ ಹೇಳಲಿಲ್ಲ.

ಉಪ್ಪಾರಪೇಟೆಯ ಫುಟ್‌ಪಾತಿನಿಂದ ಮೀನಿನ ಆಕಾರದ ಹಿತ್ತಾಳೆ ಹಿಡಿಯ ಚಾಕೊಂದು ಬಂತು. ನೋಡಲು ಚೆಂದ, ಆದರೆ ಬೆವರಿದ ಕೈಯಲ್ಲಿ ಸೋಪಿನ ಹಾಗೆ ಜಾರುತ್ತಿತ್ತು. ಮಾವನ ಕೆಂಪು ಚಾಕನ್ನೂ ಒಂದು ವಾರ ಕೇಳಿ ಇಟ್ಟುಕೊಂಡರು. ಅದರ ಹಿಡಿ ನುಣುಪು, ಅಲಗು ಪುಟ್ಟದು, ಬಲಿತ ಸಿಪ್ಪೆಗೆ ಸಾಲದು. ಕೊನೆಗೆ ತಮ್ಮ ಮರದ ಹಿಡಿಗೇ ಸೈಕಲ್ ಟ್ಯೂಬು ಸುತ್ತಿದರು. ಭಾನುವಾರದ ಸ್ಪರ್ಧೆ ಇನ್ನೂ ನಡೆಯುತ್ತಿತ್ತು, ಆದರೆ ಹಗ್ಗ, ಪೇಪರು ಎಲ್ಲ ಹಿಂದೆ ಸರಿದಿದ್ದವು. ಯಾವ ಚಾಕು ಚೆನ್ನಾಗಿ ಕೊಯ್ಯುತ್ತದೆ ಎಂಬುದು ಅಪ್ಪನಿಗೆ ಬೇಕಿರಲಿಲ್ಲ. ಯಾವುದನ್ನು ಹಿಡಿದರೆ ಕೈ ನಡುಗುವುದು ಕಾಣುವುದಿಲ್ಲ ಎಂದು ಹುಡುಕುತ್ತಿದ್ದರು. ಇದು ಹೊಳೆದಾಗ ನನಗೆ ಬಹಳ ದುಃಖವಾಯಿತು. ಮಾವ ಯಾರದೋ ಕೈಬರಹ ಚೆನ್ನಾಗಿಲ್ಲ ಎಂದು ಮಾತು ತೆಗೆದರೂ ಅಪ್ಪ ಬಲಗೈಯನ್ನು ಪಂಚೆಯ ಮಡಿಕೆಗೆ ಸೇರಿಸಿಬಿಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಾಪ, ಅವರು ಯಾರ ಕಾಯಿಯನ್ನೂ ಕದ್ದಿರಲಿಲ್ಲ.

ಒಂದು ದಿನ ಪಕ್ಕದ ಮನೆಯಾಕೆ ತಂದ ಕಾಯಿಯ ಮೇಲೆ ಚಾಕು ಜಾರಿ ಅಪ್ಪನ ಎಡಗೈ ಹೆಬ್ಬೆರಳನ್ನು ಕೊಯ್ದಿತು. ಗಾಯ ದೊಡ್ಡದೇನಲ್ಲ, ಅರಿಶಿನ ಹಚ್ಚಿದರೆ ನಿಲ್ಲುವಂಥದು. ಆದರೆ ಆಕೆ ಹೆದರಿಬಿಟ್ಟರು. ಮುಂದಿನ ಸಲ ತರಕಾರಿ ಅಂಗಡಿಯವನ ಕೈಯಲ್ಲೇ ಹೋಳು ಮಾಡಿಸಿ, ಚೀಲದಲ್ಲಿ ಮುಚ್ಚಿಕೊಂಡು ನಮ್ಮ ಬಾಗಿಲು ದಾಟಿ ಹೋದರು. ಉಳಿದವರೂ ಹಾಗೇ ಮಾಡಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಅವರಿಗೆ ಅಪ್ಪನ ಮೇಲಿನ ಕಾಳಜಿಯೇ. ಆದರೂ ಆ ಚೀಲಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಅಪ್ಪ ಜಗಲಿಯ ಮೇಲೆ ಕೂತು ಹೋಗಿಬರುವವರ ಚೀಲಗಳನ್ನೇ ನೋಡುತ್ತಿದ್ದರು. ಸ್ವಲ್ಪ ದಿನದ ನಂತರ ಚಾಕನ್ನು ಜೇಬಿನಲ್ಲಿಡುವುದನ್ನೂ ಬಿಟ್ಟು ದೇವರಮನೆಯ ಗೂಡಿನಲ್ಲಿಟ್ಟರು. ಮುಂದಿನ ಭಾನುವಾರ ಮಾವ ಬಂದು, ಕಪ್ಪು ಉಕ್ಕಿಗೆ ವಯಸ್ಸಾಯಿತು, ಬೇರೆ ತರೋಣ ಎಂದು ಸಮಾಧಾನ ಹೇಳಿದರು.

“ಚಾಕಿನ ತಪ್ಪೇನೂ ಇಲ್ಲ ಬಿಡಪ್ಪ,” ಎಂದರು ಅಪ್ಪ. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವತ್ತು ಸ್ಪರ್ಧೆ ನಡೆಯಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ಮಾರ್ಕೆಟ್ಟಿನಿಂದ ಇಡೀ ಸಿಹಿಕುಂಬಳಕಾಯಿ ತಂದಳು. ಬುಟ್ಟಿಗೆ ಹಿಡಿಸದಷ್ಟು ದೊಡ್ಡದು. ಹಬ್ಬದ ದಿನ ಇದೆಂಥ ಹಟ ಎಂದು ನಾನು ಗೊಣಗಿದೆ. ಅವಳು ಗೂಡಿನಿಂದ ಚಾಕು ತೆಗೆದು ಅಪ್ಪನ ಕೈಗಿಟ್ಟಳು. ಅಪ್ಪ ಬೇಡವೆಂದು ತಲೆಯಾಡಿಸಿದರು. ಅವಳು ಕೇಳಲಿಲ್ಲ. ಅಪ್ಪನನ್ನು ನೆಲದ ಮೇಲೆ ಕೂರಿಸಿ ಮುಂದೆ ಒಂದು ಊಟದ ಮಣೆ ಇಟ್ಟಳು. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಷ್ಟಿಗಳನ್ನು ಮಣೆಗೆ ಒತ್ತಿಕೊಂಡು, ಅಲಗಿನ ಬಾಯಿ ಮೇಲೆ ಮಾಡಿ ಸುಮ್ಮನೆ ಕೂರಬೇಕೆಂದಳು.

“ನೀವು ಅಲ್ಲಾಡಿಸ್ಬೇಡಿ. ಕಾಯಿ ನಾನು ಅಲ್ಲಾಡಿಸ್ತೀನಿ.”

ಎದುರಿಗೆ ಕೂತು, ಕಾಯಿಯನ್ನು ಎರಡು ಕೈಯಲ್ಲಿ ಎತ್ತಿ ಅಲಗಿನ ಮೇಲಿಟ್ಟು ತನ್ನ ಕಡೆಗೆ ಎಳೆದುಕೊಂಡಳು. ಜೀವಮಾನವೆಲ್ಲ ಈಳಿಗೆಮಣೆಯಲ್ಲಿ ಮಾಡಿದ ಕೆಲಸವೇ ಅದು. ಅಲಗು ನಿಂತಲ್ಲೇ ನಿಲ್ಲುತ್ತದೆ, ತರಕಾರಿ ಬರುತ್ತದೆ. ಮಣೆಗೆ ಒತ್ತಿದ ಅಪ್ಪನ ಮುಷ್ಟಿ ಅದುರಲಿಲ್ಲ. ಸಿಪ್ಪೆ ಚರ್ರೆಂದು ಬಿಟ್ಟುಕೊಂಡಿತು. ಗೀರು ತೊಟ್ಟಿನಿಂದ ಕೆಳಗಿನವರೆಗೆ ಹಳೆಯ ಕಾಲದ ಹಾಗೆ ನೇರವಾಗಿ ಇಳಿಯಿತು.

ಎಳ್ಳು ಬೀರಲು ಬಂದಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ತಟ್ಟೆಯನ್ನು ನನ್ನ ಕೈಗಿಟ್ಟು ಮನೆಗೆ ಹೋದರು. ತಿರುಗಿ ಬಂದಾಗ ಸೊಂಟದ ಮೇಲೆ ಕಾಯಿ ಇತ್ತು. ಅಮ್ಮ ಎದ್ದು ಜಾಗ ಬಿಟ್ಟಳು. ಆಕೆ ಸೆರಗು ಸಿಕ್ಕಿಸಿ ಅಪ್ಪನ ಎದುರಿಗೆ ಕೂತು, ಅಮ್ಮ ಹಿಡಿದ ಹಾಗೇ ಕಾಯಿ ಹಿಡಿದರು. ಗೀರು ಬಿದ್ದ ಮೇಲೆ ಅಪ್ಪ ಒಳಗೆ ಇಣುಕಿ ನೋಡಿ, ಚೆನ್ನಾಗಿ ಬಲಿತಿದೆ, ಅಂಗಡಿಯವನು ಮೋಸ ಮಾಡಿಲ್ಲ ಎಂದರು.

ಆಕೆ ಹೋದ ಮೇಲೆ ಅಪ್ಪ ಅಮ್ಮನ ಕಡೆ ತಿರುಗಿದರು.

“ಹೆಚ್ಚಿದ್ದು ನೀನೇ ಕಣೆ.”

“ಚಾಕು ಯಾರ ಕೈಲಿತ್ತು?” ಎಂದಳು ಅಮ್ಮ.

 ಅಪ್ಪ ಅಲಗನ್ನು ಪಂಚೆಯ ಅಂಚಿಗೆ ಒರೆಸಿ, ನಡುಗುವ ಕೈಯಿಂದಲೇ ಮಡಿಸತೊಡಗಿದರು. ಮಡಿಸಲು ಬಹಳ ಹೊತ್ತು ಹಿಡಿಯಿತು. ಕೈ ಚಾಚದೆ ನಾವಿಬ್ಬರೂ ಕಾದೆವು. ಅವರು ಚಾಕನ್ನು ಜೇಬಿಗೆ ಹಾಕಿಕೊಂಡರು.