ಸೋದರಮಾವನ ಹೆಸರು ನುಂಗಿದ್ದು ನನ್ನ ಫಂಕ್ಷನ್

ಆ ಲಗ್ನಪತ್ರಿಕೆಯಲ್ಲಿ ಐದು ಹೆಸರು ಬಿಟ್ಟುಹೋದದ್ದು ನನ್ನ ತಪ್ಪಿನಿಂದ. ಶಾಂತಕ್ಕನ ತಪ್ಪಿನಿಂದಲ್ಲ. ನನಗೆ ಅದು ಆವತ್ತೇ ಗೊತ್ತಿತ್ತು — ಗೊತ್ತಿದ್ದೂ ಆಕೆಯ ಕಡೆ ಬೆರಳು ತೋರಿಸಿದೆ. ಬರೆದುಬಿಟ್ಟೆ ನೋಡಿ! ಇನ್ನು ಕೈ ನಿಲ್ಲುವುದಿಲ್ಲ.

ದುರ್ಗದಬೈಲಿನ ಹತ್ತಿರದ ಓಣಿಯ ಒಂದು ಪ್ರೆಸ್ಸಿನಲ್ಲಿ ಶಾಂತಕ್ಕ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ನಾನು ಕಾಲೇಜಿನ ಮೆಟ್ಟಿಲು ಹತ್ತದೆ, ಹಳೆಯ ಪುಸ್ತಕ ಓದಿ ಪ್ರೋಗ್ರಾಮಿಂಗ್ ಕಲಿತು, ಪ್ರೆಸ್ಸುಗಳಿಗೆ ಸಾಫ್ಟ್‌ವೇರ್ ಮಾರುತ್ತಿದ್ದವನು. ಮೊದಲು ಪತ್ರಿಕೆಯಲ್ಲಿ ಹೆಸರು ಜೋಡಿಸುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ತುಣುಕು, ನಾಲ್ಕು ಹೆಸರಿಗೆ ಒಂದು, ಎಂಟಕ್ಕೆ ಇನ್ನೊಂದು, ಹನ್ನೆರಡಕ್ಕೆ ಮತ್ತೊಂದು ಬರೆದಿದ್ದೆ. ಆದರೆ ನಮ್ಮ ಕಡೆಯ ಮನೆತನಗಳು ನಾಲ್ಕು, ಎಂಟಕ್ಕೆ ಸರಿಯಾಗಿ ಕೂಡುತ್ತವೆಯೇ? ಕಾಕಾ, ಕಾಕು, ಅತ್ತಿ, ಮಾವ — ಆಮಂತ್ರಿಸುವವರ ಪಟ್ಟಿ ಪ್ರತಿ ಸಲ ಬೇರೆ.

ಒಂದು ಮಧ್ಯಾಹ್ನ, ಎಷ್ಟು ಹೆಸರು ಕೊಟ್ಟರೂ ತೆಗೆದುಕೊಳ್ಳುವ ಒಂದೇ ಫಂಕ್ಷನ್ ಬರೆದೆ. ಮೂರು ಕೊಟ್ಟೆ, ಸಾಲಾಗಿ ನಿಂತವು. ಹತ್ತೊಂಬತ್ತು ಕೊಟ್ಟೆ — ನಿಂತವು! ಕುರ್ಚಿಯಿಂದ ಎದ್ದು ಕೋಣೆಯ ತುಂಬ ಓಡಾಡಿದೆ. ಆ ಹಿಗ್ಗು ಮಾತ್ರ ಸುಳ್ಳಲ್ಲ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರೆಸ್ ಮಾಲೀಕರೊಡನೆ ಚೌಕಾಶಿ ಮಾಡಿ ಮಾರುವಾಗ ಒಂದು ಮಾತು ಸೇರಿಸಿದೆ: ಇನ್ನು ಮೇಲೆ ಅಚ್ಚಿಗೆ ಮೊದಲು ತಪ್ಪು ನೋಡಲು ಎರಡೆರಡು ಸಲ ಪ್ರೂಫ್ ತೆಗೆಯುವ ಕೆಲಸವಿಲ್ಲ.

ಹೊಸದಾಗಿ ಕಲಿಯುವವರು ಇಲ್ಲಿ ಸ್ವಲ್ಪ ನಿಂತು ಕೇಳಿ. ನಾನು ಬಳಸಿದ ಭಾಷೆಯಲ್ಲಿ, ಇಂಥ ಫಂಕ್ಷನ್ನಿಗೆ ಎಷ್ಟು ಹೆಸರು ಬಂದಿವೆಯೆಂದು ತಾನಾಗಿ ತಿಳಿಯುವುದಿಲ್ಲ. ಎಣಿಕೆಯನ್ನು ಮೊದಲೇ ಹೇಳಬೇಕು, ಇಲ್ಲವೇ ಕೊನೆಗೊಂದು ಗುರುತು ಇಡಬೇಕು. ನಾನು ಗುರುತು ಇಟ್ಟೆ — ಖಾಲಿ ಹೆಸರು ಬಂದರೆ ಪಟ್ಟಿ ಮುಗಿದಂತೆ. ನೀವು ಎಣಿಕೆ ಕೇಳಿ ಪಡೆಯಿರಿ, ಜಾಣತನ ಬೇಡ. ನನಗಿದನ್ನು ಯಾರೂ ಹೇಳಿಕೊಡಲಿಲ್ಲ ಎಂದು — ಇಲ್ಲ, ಅದು ನೆಪವಾಗುತ್ತದೆ.

ಹೊಸ ಫಂಕ್ಷನ್ ಹಾಕಿದ ಮೇಲೆ, ಎರಡೂ ಕಡೆಯವರ ಹೆಸರಿದ್ದ ಮೊದಲ ಲಗ್ನಪತ್ರಿಕೆ ಬಂತು. ಹುಡುಗಿಯ ತಂದೆಯ ಕಡೆಯ ಹೆಸರುಗಳ ಪ್ರೂಫ್ ಒಪ್ಪಿಗೆಯಾಗಿತ್ತು. ತಾಯಿಯ ಕಡೆಯ ಐದು ಹೆಸರು ಆಮೇಲೆ ಫೋನಿನಲ್ಲಿ ಬಂದವು. ಎರಡು ಕಡೆಯವರ ನಡುವೆ ಒಂದು ಸಾಲು ಖಾಲಿ ಬಿಡುವುದು ಶಾಂತಕ್ಕನ ರೂಢಿ, ಓದಿ ಹೇಳುವಾಗ ಗೊಂದಲವಾಗಬಾರದೆಂದು. ನನ್ನ ಫಂಕ್ಷನ್ ಆ ಖಾಲಿ ಸಾಲಿಗೇ ನಿಂತುಬಿಟ್ಟಿತು. ನನ್ನ ಮಾತು ನಂಬಿ ಯಾರೂ ಎರಡನೇ ಪ್ರೂಫ್ ತೆಗೆಯಲಿಲ್ಲ. ಪತ್ರಿಕೆ ಅಚ್ಚಾಯಿತು, ಮನೆಮನೆಗೆ ಹಂಚಿಯೂ ಆಯಿತು — ಸೋದರಮಾವನ ಹೆಸರೇ ಇಲ್ಲದೆ!

ತಮ್ಮೂರು ಮುಗದದಿಂದ ಆ ಮಾವ ಪ್ರೆಸ್ಸಿಗೇ ಬಂದರು. ಮಾಲೀಕರು ಫೋನ್ ಮಾಡಿದಾಗ ನಾನು ಮನೆಯಲ್ಲೇ ಪರೀಕ್ಷಿಸಿ, ತಪ್ಪು ಕಂಡುಕೊಂಡೇ ಹೊರಟಿದ್ದೆ.

"ತಂಗಿ ಮಗಳ ಲಗ್ನಕ್ಕ ನಾ ಯಾರೂ ಅಲ್ಲೇನ್ರಿ? ಹೊರಗಿನವರಂಗ ಬಂದು ಅಕ್ಷತಾ ಒಗದು ಹೋಗ್ಲೇನ್ರಿ?" ಎಂದು ಅವರು ಕೇಳುತ್ತಿದ್ದರು.

ಶಾಂತಕ್ಕ ಫೈಲ್ ತೆರೆದು ತೋರಿಸಿದರು. ಐದೂ ಹೆಸರು ಅಲ್ಲಿದ್ದವು. "ನೋಡ್ರಿ, ನಾ ಎಲ್ಲಾ ಟೈಪ್ ಹೊಡದೇನ್ರಿ."

ಇನ್ನೂ ಮೂರು ಪ್ರೆಸ್ಸುಗಳವರು ನನ್ನ ಸಾಫ್ಟ್‌ವೇರಿಗೆ ಹೂಂ ಎನ್ನುವುದರಲ್ಲಿದ್ದರು. ನಾಲಿಗೆ ವ್ಯಾಪಾರದ್ದು — ತಾನಾಗಿ ತಿರುಗಿತು.

"ಈಗ ಸೇರಿಸಿ ತೋರಿಸಿದ್ರ ಹೆಂಗ ಗೊತ್ತಾಗ್ತೈತ್ರಿ? ಪ್ರೋಗ್ರಾಮಿನಾಗ ಏನೂ ತಪ್ಪಿಲ್ಲ."

ಶಾಂತಕ್ಕ ನನ್ನನ್ನೇ ನೋಡಿದರು. ಫೈಲ್ ಮುಚ್ಚಿ ಎದ್ದರು. ಮರುದಿನದಿಂದ ಪ್ರೆಸ್ಸಿಗೆ ಬರಲಿಲ್ಲ. ಓಣಿಯವರು ಆಕೆಗೆ 'ಹೆಸರು ನುಂಗಾಕಿ' ಎಂದು ಅಡ್ಡಹೆಸರಿಟ್ಟರು. ಬೇರೆ ಪ್ರೆಸ್ಸುಗಳೂ ಕೆಲಸ ಕೊಡಲಿಲ್ಲ. ನಾನು ಆವತ್ತೇ ಸಂಜೆಯೊಳಗೆ ಸದ್ದಿಲ್ಲದೆ ಫಂಕ್ಷನ್ನಿನ ಆ ಒಂದು ಸಾಲು ತಿದ್ದಿಟ್ಟಿದ್ದೆ. ಮೂರೂ ಪ್ರೆಸ್ಸುಗಳಿಗೆ ಮಾರಿದೆ.

ಏಳೆಂಟು ವರ್ಷವಾಯಿತು. ಈಗ ನಾನೇ ಕಲಿಸುತ್ತೇನೆ. ಹೋದ ವಾರ ಇದೇ ಪಾಠವನ್ನು ಉಮೇದಿನಿಂದ ಹೇಳುತ್ತಿದ್ದಾಗ, ನಡುವೆ ಒಂದು ಹೆಸರು ಖಾಲಿ ಬಂದರೆ ಏನಾಗುತ್ತದೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪಾಠ ನಿಲ್ಲಿಸಿ ನೇರವಾಗಿ ನವನಗರಕ್ಕೆ, ಶಾಂತಕ್ಕನ ಮನೆಗೆ ಹೋದೆ. ಈಗ ಬ್ಲೌಸ್ ಹೊಲಿಯುತ್ತಾರೆ. ಮಷಿನ್ ನಿಲ್ಲಿಸಿ, ಎಲ್ಲವನ್ನೂ ಕೇಳಿಸಿಕೊಂಡರು.

"ನನಗೇನ್ ಹೇಳ್ತೀರಿ? ನಾ ಐದೂ ಹೆಸರು ಹೊಡದಿದ್ದು ನನಗ ಗೊತ್ತಿತ್ತಲ್ರಿ. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ."

ಅಷ್ಟೇ. ಮತ್ತೆ ಮಷಿನ್ ಓಡಿಸತೊಡಗಿದರು. ಕ್ಷಮೆಯ ಮಾತನ್ನು ನಾನು ಎತ್ತಲೇ ಇಲ್ಲ — ಎತ್ತಿದ್ದರೆ ಅದೂ ಒಂದು ಚೌಕಾಶಿಯಾಗುತ್ತಿತ್ತು.

ನಿನ್ನೆ ಪ್ರೆಸ್ ಮಾಲೀಕರಿಗೆ, ಓಣಿಯ ನಾಲ್ಕು ಜನ ನಿಂತಿರುವಾಗಲೇ ಹೇಳಿದೆ. ಬೈದರು. ನಾಳೆ ಮುಗದಕ್ಕೆ ಹೊರಡುತ್ತೇನೆ. ಆ ಮಾವನ ಮನೆ ಯಾವ ಓಣಿಯಲ್ಲಿದೆಯೋ ಗೊತ್ತಿಲ್ಲ. ಕೇಳುತ್ತ ಹೋಗುತ್ತೇನೆ, ಯಾಕೆ ಬಂದಿರಿ ಎಂದು ಯಾರು ಕೇಳಿದರೂ, ಅವರಿಗೂ ಹೇಳುತ್ತ ಹೋಗುತ್ತೇನೆ.