ಗಾಳಿಯನ್ನು ಕಡಿಮೆ ಬರೆದ ವರ್ಷ

ಒಂದು ವರ್ಷ ಗಾಳಿಯ ಅಳತೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಎರಡು ತಿಂಗಳು ಬಿಟ್ಟರೆ ನಾನು ಬರೆದದ್ದೆಲ್ಲ ಸುಳ್ಳು. ಸರ್ಕಾರಿ ಶಾಲೆಯ ಟೀಚರಾಗಿ ನಿವೃತ್ತಿಯಾಗುವವರೆಗೆ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನನ್ನದು ಹುಟ್ಟು ಪುಕ್ಕಲು ಸ್ವಭಾವ. ಬಸ್ಸಿನಲ್ಲಿ ಟಿಕೆಟ್ ಕೈಯಲ್ಲೇ ಇದ್ದರೂ ಚೆಕಿಂಗ್‌ನವರು ಹತ್ತಿದರೆ ಬೆವರುತ್ತೇನೆ. ಅಂಥವಳು ಒಂದಿಡೀ ಊರಿಗಾಗಿ ಸುಳ್ಳು ಬರೆದೆ, ಆ ಊರಲ್ಲಿ ನನಗೆ ಬಹಳ ಬೇಕಾದವರ ತಲೆಯ ಮೇಲೇ ಅದನ್ನು ಹಾಕಿದೆ.

ಆಗ ತೊಂಬತ್ತರ ದಶಕ. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ನಮ್ಮ ತಂದೆ, ಅಬ್ಬಾ, ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ತಂದು ನೂಲು ಬಿಚ್ಚಿಸುತ್ತಿದ್ದರು. ನನಗೆ ಪೋಸ್ಟಿಂಗ್ ಸಿಕ್ಕಿದ್ದು ಚಿಂತಾಮಣಿ ರಸ್ತೆಯಲ್ಲಿ ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕಾದ ಒಂದು ಸಣ್ಣ ಹಳ್ಳಿಗೆ. ಊರಿಗೆ ಊರೇ ರೇಷ್ಮೆಹುಳ ಸಾಕುತ್ತಿತ್ತು. ಅವರ ಗೂಡಿನಿಂದ ನಮ್ಮ ಮನೆಯ ಅನ್ನ, ಅವರ ಮಕ್ಕಳಿಗೆ ನಾನು ಟೀಚರು. ಶಾಲೆಯ ಹಿಂದೆ ಒಂದು ಬೋಳುಗುಡ್ಡ. ಊರಿನ ಕುರಿ ಮೇಕೆಗಳಿಗೆ ಅದೇ ಆಧಾರ.

ಆಷಾಢಕ್ಕೆ ಮುಂಚೆ ಬೆಂಗಳೂರಿನಿಂದ ಜೀಪು ಬಂತು. ಗುಡ್ಡದ ನೆತ್ತಿಯಲ್ಲಿ ಎರಡು ತೆಂಗಿನಮರದಷ್ಟು ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿದರು. ತುದಿಯಲ್ಲಿ ಸೌಟಿನಂಥ ಮೂರು ಬಟ್ಟಲುಗಳು ಗಾಳಿಗೆ ತಿರುಗುತ್ತಿದ್ದವು. ಕಂಬದ ಬುಡದಲ್ಲೊಂದು ಪೆಟ್ಟಿಗೆ. ಸ್ಕೂಟರಿನ ಮೀಟರಿನ ಹಾಗೆ ಅದರೊಳಗೆ ಅಂಕಿಗಳು ಉರುಳುತ್ತಿದ್ದವು. ದಿನವೂ ಬೆಳಿಗ್ಗೆ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ನಕಲು ತೆಗೆದು ಅಂಚೆಗೆ ಹಾಕಬೇಕು, ಅಷ್ಟೇ ಕೆಲಸ. ಅದನ್ನು ಶಾಲೆಗೆ ವಹಿಸಿದರು. ಹೆಡ್‌ಮೇಷ್ಟ್ರಿಗೆ ಮಂಡಿನೋವು. ಪಗಾರ ಅವರಿಗೆ ನನಗಿಂತ ಜಾಸ್ತಿ, ಗುಡ್ಡ ಹತ್ತುವ ಭಾಗ್ಯ ಮಾತ್ರ ನನ್ನದು.

ಒಂದು ವರ್ಷ ಅಳೆದು ನೋಡಿ, ಗಾಳಿ ಚೆನ್ನಾಗಿದೆ ಅನ್ನಿಸಿದರೆ ಗುಡ್ಡದ ಮೇಲೆಲ್ಲ ದೊಡ್ಡ ದೊಡ್ಡ ಫ್ಯಾನುಗಳು ಬರುತ್ತವೆ, ಅವುಗಳಿಂದ ಕರೆಂಟು ಹುಟ್ಟುತ್ತದೆ ಎಂದು ಜೀಪಿನಲ್ಲಿ ಬಂದ ಎಂಜಿನಿಯರು ಹೇಳಿದ್ದ. ಆ ಕರೆಂಟು ಯಾರಿಗೆ ಎಂದು ಊರವರು ಕೇಳಿದ್ದಕ್ಕೆ, ಪಾಪ, ನಿಜವನ್ನೇ ಹೇಳಿಬಿಟ್ಟ. ಬೆಂಗಳೂರಿಗೆ. ಊರಿನ ನೆತ್ತಿಯ ಮೇಲೆ ಹಾದುಹೋಗುವ ದೊಡ್ಡ ತಂತಿ ಆಗಲೇ ಒಂದಿತ್ತು. ಅದರ ಕೆಳಗಿನ ಮನೆಗಳಲ್ಲಿ ಸಂಜೆಯಾದರೆ ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಿದ್ದರು.

ಆದರೆ ಊರವರ ನಿಜವಾದ ಭಯ ಕರೆಂಟಿನದಲ್ಲ, ಹುಳದ್ದು. ಅದನ್ನು ನನಗೆ ಅರ್ಥ ಮಾಡಿಸಿದವರು ಶಾಲೆಯ ಪಕ್ಕದ ಮನೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹುಳ ಮೇಯಿಸಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದ ಹೆಂಗಸು. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಅವರ ಹುಳದಮನೆಗೆ ಹೋಗುತ್ತಿದ್ದೆ. ಹೋಗಬೇಕಾದರೆ ಮುಡಿದ ಮಲ್ಲಿಗೆ ತೆಗೆದು ಹೊರಗಿನ ಗೂಟಕ್ಕೆ ನೇತುಹಾಕಬೇಕು, ಸುಣ್ಣದ ನೀರಿನಲ್ಲಿ ಕಾಲು ತೊಳೆಯಬೇಕು. ಹುಳಕ್ಕೆ ವಾಸನೆ ಆಗದು. ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಹಾಗೆ ನಾಲ್ಕು ಸಲ ಜ್ವರಕ್ಕೆ ಬಿದ್ದು ಎದ್ದ ಹುಳ ಮದುವೆಮನೆಗೆ ಬಂದ ನೆಂಟರ ಹಾಗೆ ಸೊಪ್ಪು ತಿನ್ನುತ್ತದೆ. ಆಗ ಮನೆಯೊಳಗೆ ಗಾಳಿ ಆಡಲೇಬೇಕು. ಆಡದಿದ್ದರೆ ಸಪ್ಪೆರೋಗ ಬಂದು ಬಿದಿರಿನ ತಟ್ಟೆತಟ್ಟೆಯ ಹುಳವೇ ಕಪ್ಪಾಗಿ ನಾರುತ್ತದೆ. ದೊಡ್ಡಮ್ಮನ ಹುಳದಮನೆಯ ಕಿಟಕಿಗಳೆಲ್ಲ ಗುಡ್ಡದ ಕಡೆಗೇ ಇದ್ದವು.

“ಆ ಫ್ಯಾನುಗಳು ನಮ್ ಗಾಳಿ ಎಲ್ಲಾ ಕುಡ್ದುಬಿಡ್ತವೆ ಟೀಚರಮ್ಮ,” ಎಂದರು ಒಂದು ದಿನ.

“ಫ್ಯಾನು ಗಾಳಿ ಕುಡಿಯಲ್ಲ ದೊಡ್ಡಮ್ಮ. ಗಾಳಿ ಅದನ್ನ ತಿರುಗಿಸ್ಕೊಂಡು ಮುಂದೆ ಹೋಗ್ತದೆ.”

“ಏನಮ್ಮಾ, ನೀನು ರಾಗಿ ಬೀಸಿದ್ದೀಯಾ? ಒಂದು ಸೇರು ಬೀಸೋ ಹೊತ್ಗೆ ತೋಳು ಬಿದ್ದೋಗ್ತದೆ. ಅಷ್ಟು ದೊಡ್ಡ ರೆಕ್ಕೆ ತಿರುಗ್ಸಿದ ಗಾಳಿಗೆ ಸುಸ್ತಾಗಲ್ವಾ? ಸುಸ್ತಾದ ಗಾಳಿ ಇಟ್ಕೊಂಡು ನಾನು ಹುಳ ಸಾಕ್ಲಾ?”

ನಾಲ್ಕನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ಆ ಸಂಜೆ ಪಾಠದ ಪುಸ್ತಕವನ್ನೆಲ್ಲ ತಿರುವಿ ಹಾಕಿದೆ. ಸುಸ್ತಾದ ಗಾಳಿಯ ಪಾಠ ಅದರಲ್ಲಿರಲಿಲ್ಲ.

ಆಷಾಢದ ಗಾಳಿಗೆ ಬಟ್ಟಲುಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿದವು. ಎರಡು ತಿಂಗಳ ಅಂಕಿ ನೋಡಿ ಬೆಂಗಳೂರಿನ ಆಫೀಸಿನವರು ಸಂತೋಷದಿಂದ ಕಾಗದ ಬರೆದರು. ಹೆಡ್‌ಮೇಷ್ಟ್ರು ಅದನ್ನು ಊರಿನ ಅರಳಿಕಟ್ಟೆಯ ಮೇಲೆ ಓದಿದರು, ಅಲ್ಲಿಂದ ಗಲಾಟೆ ಶುರುವಾಯಿತು. ಕಂಬ ಕಿತ್ತೆಸೆಯೋಣ ಎಂದರು ಹುಡುಗರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದ ಕಥೆ ಕೇಳಿಕೊಂಡೇ ಬೆಳೆದ ಹಿರಿಯರು, ಪೊಲೀಸು ಊರಿಗೆ ಬರುವ ಕೆಲಸ ಬೇಡವೇ ಬೇಡ ಎಂದರು. ಕೊನೆಗೆ ದೊಡ್ಡಮ್ಮನೇ ಎದ್ದು ನಿಂತು ಹೇಳಿದ್ದು.

“ಕಂಬ ಯಾಕ್ರಪ್ಪಾ ಮುಟ್ಟೋದು? ಟೀಚರಮ್ಮ ಗಾಳಿನ ಕಡಿಮೆ ಬರೀಲಿ. ಗಾಳಿ ಇಲ್ದಿದ್ ಗುಡ್ಡಕ್ಕೆ ಯಾರು ಬರ್ತಾರೆ?”

ಊರೆಲ್ಲ ನನ್ನ ಮುಖ ನೋಡಿತು. ಅತ್ತ ದರಿ, ಇತ್ತ ಪುಲಿ. ಬರೆದರೆ ನೌಕರಿಗೆ ಕುತ್ತು, ಬರೆಯದಿದ್ದರೆ ನಾಳೆಯಿಂದ ಈ ಮುಖಗಳನ್ನು ನೋಡುವುದು ಹೇಗೆ? ತಲೆಯಾಡಿಸಿದೆ. ಪ್ರೀತಿಯಿಂದ ಒಪ್ಪಿದೆ ಎಂದು ಆಗ ಅಂದುಕೊಂಡಿದ್ದೆ. ಅರ್ಧ ಪ್ರೀತಿ, ಅರ್ಧ ಪುಕ್ಕಲುತನ.

ಆ ವಾರ ಮನೆಗೆ ಹೋದಾಗ ಅಬ್ಬಾಗೆ ಮಾತ್ರ ಹೇಳಿದೆ. ಕರೆಂಟು ಹೋಗಿ ನಿಂತಿದ್ದ ನೂಲು ಬಿಚ್ಚುವ ಮೋಟಾರಿನ ಪಕ್ಕದಲ್ಲಿ ಕೂತಿದ್ದ ಅವರು, “ನಕ್ಕೋ ಬೇಟಾ,” ಬೇಡಮ್ಮ ಎಂದರು. ಕರೆಂಟಿನ ಆಸೆಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಹಾಗಲ್ಲ. ತಕ್ಕಡಿಯನ್ನು ಯಾರಿಗಾಗಿ ಬಗ್ಗಿಸುತ್ತೀಯೋ ಒಂದು ದಿನ ಅವರೇ ಅದೇ ತಕ್ಕಡಿಗೆ ಬರುತ್ತಾರೆ ಎಂದು ಉರ್ದುವಿನಲ್ಲಿ ಹೇಳಿದರು. ಗೂಡು ತೂಗುವ ಮನುಷ್ಯ, ತಕ್ಕಡಿ ಬಿಟ್ಟರೆ ಬೇರೆ ಉದಾಹರಣೆ ಸಿಗುವುದಿಲ್ಲ ಎಂದು ನಾನು ಒಳಗೊಳಗೇ ನಕ್ಕೆ.

ಸುಳ್ಳು ಬರೆಯುವುದು ಅಂದುಕೊಂಡಷ್ಟು ಸಲೀಸಲ್ಲ. ಪೆಟ್ಟಿಗೆಯ ಅಂಕಿ ಯಾರ ಮಾತನ್ನೂ ಕೇಳದೆ ಏರುತ್ತಲೇ ಹೋಯಿತು. ಪುಸ್ತಕದ ಅಂಕಿ ಅದರ ಹಿಂದೆ ಕುಂಟುತ್ತ ಬಂತು. ದಿನವೂ ನಿನ್ನೆಯ ಸುಳ್ಳಿಗೆ ಇವತ್ತಿನ ಸುಳ್ಳನ್ನು ಕೂಡಬೇಕು. ಎರಡರ ನಡುವಿನ ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ದೂರದಲ್ಲಿ ಯಾವ ಜೀಪಿನ ಸದ್ದು ಕೇಳಿದರೂ ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಪೋಸ್ಟ್‌ಮ್ಯಾನನ್ನು ಕಂಡರೂ ಬೇರೆ ದಾರಿ ಹಿಡಿಯುತ್ತಿದ್ದೆ.

ಯುಗಾದಿ ಕಳೆದ ವಾರ, ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಆಕಾಶ ಕೆಂಪಾಯಿತು. ಮಳೆ ನಾಲ್ಕೇ ಹನಿ, ಗಾಳಿ ಮಾತ್ರ ಅಂಥದ್ದನ್ನು ನಾನು ಆಮೇಲೂ ಕಂಡಿಲ್ಲ. ಗುಡ್ಡದ ಕಡೆಯಿಂದ ನೇರ ಇಳಿದು ಬಂದು ದೊಡ್ಡಮ್ಮನ ಹುಳದಮನೆಯ ಕಿಟಕಿಗಳೊಳಗೆ ನುಗ್ಗಿ, ತಗಡಿನ ಚಾವಣಿಯನ್ನು ಒಂದೇ ಏಟಿಗೆ ಎತ್ತಿ ಹೊಲದಾಚೆ ಬಿಸಾಕಿತು. ಒಂದು ಗೋಡೆಯ ತಲೆಯೂ ಕುಸಿಯಿತು. ಊರಿನ ಬೇರೆ ಮನೆಗಳಲ್ಲಿ ನಾಲ್ಕಾರು ಹೆಂಚು ಹಾರಿದ್ದು ಬಿಟ್ಟರೆ ಏನೂ ಆಗಲಿಲ್ಲ. ದೊಡ್ಡಮ್ಮನ ಹುಳ ಅಂದು ತಾನೇ ನಾಲ್ಕನೇ ಜ್ವರದಿಂದ ಎದ್ದಿತ್ತು. ಬಾಗಿಲ ಹತ್ತಿರದ ತಟ್ಟೆಗಳನ್ನು ನಾವೆಲ್ಲ ಸೇರಿ ಶಾಲೆಯ ಕೋಣೆಗೆ ಹೊತ್ತು ಹಾಕಿದೆವು. ಗೋಡೆಯ ಪಕ್ಕದ ತಟ್ಟೆಗಳು ಮಣ್ಣಿನಡಿ ಉಳಿದವು. ದೊಡ್ಡಮ್ಮ ಅಳಲಿಲ್ಲ. ಶಾಲೆಯ ಬಾಗಿಲಲ್ಲಿ ನನ್ನನ್ನು ತಡೆದು, “ಕಾಲು ತೊಳ್ಕೊಂಡು ಬಾ,” ಎಂದರು.

ಮಾರನೇ ಬೆಳಿಗ್ಗೆ ಗುಡ್ಡ ಹತ್ತಿದೆ. ಪೆಟ್ಟಿಗೆಯ ಅಂಕಿ ಒಂದೇ ದಿನಕ್ಕೆ ಎಗರಿತ್ತು. ಇದನ್ನು ಬರೆದರೆ ಇಷ್ಟು ತಿಂಗಳು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಂದಿನಷ್ಟೇ ಬರೆದು ಇಳಿದೆ. ಕೈ ರೂಢಿಯಾಗಿತ್ತು, ಆ ದಿನ ಅದಕ್ಕೆ ಯೋಚನೆಯೂ ಬೇಕಾಗಲಿಲ್ಲ.

ಮೂರು ದಿನದ ಮೇಲೆ ರೆವಿನ್ಯೂ ಇನ್‌ಸ್ಪೆಕ್ಟರ್ ಬಂದರು. ಗಾಳಿಗೆ ಹೋದ ಮನೆಗೆ ಸರ್ಕಾರದಿಂದ ತಗಡು ಕೊಡುತ್ತಾರೆ ಎಂದು ಊರವರೇ ಅರ್ಜಿ ಹಾಕಿದ್ದರು. ಇನ್‌ಸ್ಪೆಕ್ಟರ್ ಶಾಲೆಯ ಮುಂದಿನ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಕೆಟ್ಟವರೇನಲ್ಲ, ನಿಧಾನಕ್ಕೆ ಮಾತಾಡುವ ಮನುಷ್ಯ.

“ಊರಲ್ಲಿ ಬೇರೆ ಯಾವ ಮನೆಗೂ ಏನೂ ಆಗಿಲ್ಲ. ನಿಮ್ಮ ಗೋಡೆ ನೋಡಿದ್ರೆ ಹಳೇದು. ಗಾಳಿಗೇ ಹೋಗಿದ್ದು ಅನ್ನೋದಕ್ಕೆ ಏನಮ್ಮಾ ಆಧಾರ?” ಎಂದರು.

ದೊಡ್ಡಮ್ಮನ ಮುಖ ಅರಳಿತು. “ಆಧಾರಾನಾ ಸಾಮಿ? ಐತಲ್ಲ! ನಮ್ ಟೀಚರಮ್ಮ ದಿನಾ ಗಾಳಿನ ಬುಕ್ಕಲ್ಲಿ ಬರೀತಾರೆ. ಬೆಂಗಳೂರಿನೋರು ಕೊಟ್ಟಿರೋ ಬುಕ್ಕು. ತಾ ತಾಯಿ, ತೋರ್ಸು.”

ತಾವೇ ಹೇಳಿ ಬರೆಸಿದ್ದು ಆ ಗಳಿಗೆಯಲ್ಲಿ ಅವರಿಗೆ ನೆನಪಿರಲಿಲ್ಲ. ಅಥವಾ, ಓದು ಬರಹ ಬಾರದ ಅವರು, ಅಂಥ ಗಾಳಿಯನ್ನಾದರೂ ನಾನು ಇದ್ದ ಹಾಗೆ ಬರೆದಿರುತ್ತೇನೆ ಎಂದು ನಂಬಿದ್ದರೇನೋ. ಪುಸ್ತಕ ತರಲು ಒಳಗೆ ಹೋದವಳು ಬೀರುವಿನ ಮುಂದೆ ಸುಮ್ಮನೆ ನಿಂತೆ. ಹೆಡ್‌ಮೇಷ್ಟ್ರು ಹೊರಗಿನಿಂದ ಕೂಗಿದರು. ತಂದು ಕೊಟ್ಟೆ.

ಇನ್‌ಸ್ಪೆಕ್ಟರ್ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಹಿಂದಿನ ದಿನದ್ದನ್ನು ಓದಿದರು. ಮುಂದಿನದನ್ನೂ ಓದಿದರು.

“ಏನ್ ಮೇಡಂ, ಅವತ್ತೂ ದಿನದ ಹಾಗೇ ಇದೆಯಲ್ಲ? ದೀಪ ಆರಿಸೋವಷ್ಟೂ ಗಾಳಿ ಇಲ್ಲ ಇದರಲ್ಲಿ.”

“ಸಾರ್, ಅದು... ನಾನು ಅದನ್ನ...” ಎಂದೆ.

ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು. ಅರಳಿದ್ದ ಮುಖ ಮೆಲ್ಲಗೆ ಇಳಿದದ್ದನ್ನು ಕಂಡೆ. ಆಮೇಲೆ ತಲೆಯೆತ್ತಿ ಗುಡ್ಡದ ಮೇಲಿನ ಕಂಬ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದರು.

“ಟೀಚರಮ್ಮ ಸರಿಯಾಗೇ ಬರ್ದವ್ರೆ ಸಾಮಿ. ಅವತ್ತು ಗಾಳಿ ಬರ್ಲಿಲ್ಲ. ಗೋಡೆ ಹಳೇದು, ಬಿದ್ದೋಯ್ತು. ವಯಸ್ಸಾಯ್ತು ನೋಡಿ, ಏನೋ ಒಂದು ಅಂದ್ಬಿಟ್ಟೆ.”

ನಾನು ಕೈ ಚಾಚಿ ಪುಸ್ತಕ ವಾಪಸು ತೆಗೆದುಕೊಂಡೆ. ಇನ್‌ಸ್ಪೆಕ್ಟರ್ ಅರ್ಜಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಮೋಟಾರ್‌ಬೈಕ್ ಹತ್ತಿದರು.

ಅವರು ಹೋದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. “ನಾಳೆನೇ ಚಿಂತಾಮಣಿಗೆ ಹೋಗ್ತೀನಿ ದೊಡ್ಡಮ್ಮ. ಆಫೀಸಲ್ಲಿ ನಿಜ ಹೇಳ್ಬಿಡ್ತೀನಿ,” ಎಂದೆ.

“ಹೇಳಿದ್ರೆ ನನ್ಗೆ ತಗಡು ಬರ್ತದೆ, ಊರಿಗೆ ಫ್ಯಾನು ಬರ್ತದೆ, ನಿನ್ ಕೆಲ್ಸ ಹೋಗ್ತದೆ. ಬರ್ಸಿದ್ದು ಯಾರು? ನಾನು. ಸುಮ್ಕಿರು ಕಣೇ. ಸೊಪ್ಪು ಹಾಕೋ ಹೊತ್ತಾಯ್ತು,” ಎಂದು ಶಾಲೆಯ ಕೋಣೆಗೆ ನಡೆದರು. ನಾನು ಚಿಂತಾಮಣಿಗೆ ಹೋಗಲಿಲ್ಲ. ಅವರು ಬೇಡವೆಂದರು ಎಂಬುದು ನೆಪ. ಅವರು ಬೇಡ ಎಂದಾಗ ನನಗೆ ಒಳಗೆಲ್ಲೋ ಹಾಯೆನಿಸಿತ್ತು. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬೇಸಿಗೆ ರಜೆ ಬಂತು. ಅಲ್ಲಿಯವರೆಗೆ ಬರೆದ ಪುಸ್ತಕವನ್ನು ಬೆಂಗಳೂರಿಗೆ ಕಳಿಸಿಕೊಟ್ಟೆ. ಶಿಡ್ಲಘಟ್ಟದ ಮನೆಯಲ್ಲಿ ದಿನವೂ ಬೆಂಗಳೂರಿನ ಕಾಗದಕ್ಕೆ ಹೆದರಿಕೊಂಡು ಕೂತಿದ್ದೆ. ಯಾವ ಕಾಗದವೂ ಬರಲಿಲ್ಲ. ಜೂನಿನಲ್ಲಿ ಶಾಲೆ ತೆರೆದ ದಿನ ಬಸ್ಸಿಳಿದು ನಡೆಯುತ್ತ ತಲೆಯೆತ್ತಿ ನೋಡಿದರೆ ಗುಡ್ಡದ ಮೇಲೆ ಕಂಬವೇ ಇಲ್ಲ. ಈ ಗುಡ್ಡದಲ್ಲಿ ಗಾಳಿ ಸಾಲದು ಎಂದು ಬಿಚ್ಚಿಕೊಂಡು ಹೋದರಂತೆ. ಪೆಟ್ಟಿಗೆಯ ಅಂಕಿಯನ್ನೂ ನನ್ನ ಪುಸ್ತಕವನ್ನೂ ಪಕ್ಕದಲ್ಲಿಟ್ಟು ಯಾರಾದರೂ ನೋಡಿದರೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ಊರವರು ನನಗೆ ಬೆಲ್ಲದ ಪಾನಕ ಕೊಟ್ಟರು.

ದೊಡ್ಡಮ್ಮನ ಹುಳದಮನೆಗೆ ಹೋದೆ. ಮಲ್ಲಿಗೆ ತೆಗೆದು ಗೂಟಕ್ಕೆ ಹಾಕಿ ಕಾಲು ತೊಳೆದೆ. ಚಾವಣಿಗೆ ತೆಂಗಿನ ಗರಿ ಹೊದಿಸಿದ್ದರು. ಆಷಾಢಕ್ಕೆ ಇನ್ನೂ ದಿನವಿದ್ದರೂ ಗುಡ್ಡದ ಗಾಳಿ ಆಗಲೇ ಇಳಿಯುತ್ತಿತ್ತು, ಗರಿಗಳು ಎದ್ದು ಎದ್ದು ಬೀಳುತ್ತಿದ್ದವು. ದೊಡ್ಡಮ್ಮ ಮಣೆಯ ಮೇಲೆ ನಿಂತು ಒಂದು ಕೈಯಲ್ಲಿ ಗರಿ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೇಲಿನ ತಟ್ಟೆಗೆ ಸೊಪ್ಪು ಹಾಕುತ್ತಿದ್ದರು.

“ಕಂಬ ಹೋಯ್ತು ದೊಡ್ಡಮ್ಮ,” ಎಂದೆ.

“ಹೂಂ, ನಮ್ ಗಾಳಿ ನಮ್ಗೇ ಉಳೀತು,” ಎಂದರು. “ಆ ಕಡೆ ಗರಿ ಹಿಡ್ಕೋ ತಾಯಿ, ಹಾರೋಗ್ತದೆ.”

ನಾನು ಹಿಡಿದುಕೊಂಡು ನಿಂತೆ. ಶಾಲೆಯ ಗಂಟೆ ಹೊಡೆದ ಮೇಲೂ ಕೈ ಬಿಡಲು ಧೈರ್ಯವಾಗಲಿಲ್ಲ.