ಉಪ್ಪುನೀರಿನ ಪೈರು ಮತ್ತು ಮೇಲ್ಮನೆಯ ಹುಡುಗಿ

ಹೋದ ವಾರ ಮನೆಗೆ ಪೇಂಟ್ ಮಾಡಿಸಲು ಬೀರು ಸರಿಸಿದಾಗ ಮಾವನ ಹಳೇ ಸ್ವೆಟರ್ ಸಿಕ್ಕಿತು. ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಇತ್ತು. ಎದೆನೋವು ಬಂದಾಗ ನಾಲಿಗೆಯ ಕೆಳಗಿಟ್ಟುಕೊಳ್ಳುವ ಪುಟ್ಟ ಬಿಳಿ ಮಾತ್ರೆ. ವಿಚಿತ್ರವೆಂದರೆ, ಅದನ್ನು ನೋಡಿದ ಕೂಡಲೇ ನೆನಪಾದವಳು ಒಂದು ಕಾಲದಲ್ಲಿ ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ...

ಎರಡು ಸಾವಿರದ ಹನ್ನೆರಡರ ಸುಮಾರಿನ ಮಾತು. ಬೆಂಗಳೂರಿನ ಅಂಚಿನ ನಮ್ಮ ಕೋಗಿಲು ಆಗಿನ್ನೂ ಅರ್ಧ ಹಳ್ಳಿ. ಮಾವ ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿತ್ತು. ಅವುಗಳಲ್ಲೊಂದರಲ್ಲಿ ನಮ್ಮ ಮನೆ. ಹುಡುಗಿ ಕುಮಟೆ ಕಡೆಯವಳು, ಹೆಬ್ಬಾಳದ ಹತ್ತಿರ ಯಾವುದೋ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ಸಂಜೆ ಮಾವ ಮೆಟ್ಟಿಲ ಬಳಿ ಅವಳನ್ನು ತಡೆದು ಕೇಳಿಯೇಬಿಟ್ಟರು.

"ಅದೇನವ್ವಾ ಅಷ್ಟೊಂದು ಓದ್ತೀಯಾ?"

"ಉಪ್ಪು ಮಣ್ಣಲ್ಲಿ ಭತ್ತ ಹೇಗೆ ಬದುಕತ್ತೆ ಅಂತ ನೋಡ್ತಿದೀನಿ ಅಜ್ಜಾ. ನೈಟ್ರಿಕ್ ಆಕ್ಸೈಡ್ ಅಂತ ಒಂದು ಗ್ಯಾಸ್ ಇದೆ. ಗಿಡಾನೇ ಅದನ್ನ ಒಂಚೂರು ತಯಾರು ಮಾಡ್ಕೊಳ್ಳತ್ತೆ. ನಿಮ್ಮ ಮಾತ್ರೆ ಇದ್ಯಲ್ಲ, ಅದು ಮೈಯೊಳಗೆ ಹೋಗಿ ಬಿಡೋದೂ ಅದೇ ಗ್ಯಾಸು."

ಮಾವ ಜೇಬು ಮುಟ್ಟಿ ನೋಡಿಕೊಂಡರು. "ಅಂಗಾರೆ ಪೈರ್ಗೂ ಎದೆನೋವು ಬತ್ತದಾ?"

ಅವಳು ನಕ್ಕಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ವಿವರಿಸಿದಳು. ನಮ್ಮಲ್ಲಿ ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ಗಿಡದಲ್ಲಿ ಅದರ ಕೆಲಸ ಸುದ್ದಿ ಮುಟ್ಟಿಸುವುದು. ಉಪ್ಪು ಬಂತೆಂಬ ಸುದ್ದಿ ತಲುಪಿದರೆ ಬೇರು ಸೋಡಿಯಂ ಅನ್ನು ಆದಷ್ಟು ಹೊರಗೆ ತಳ್ಳಿ, ಬೇಕಾದ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆಯಂತೆ. "ಕೆಲವೇ ಕ್ಷಣ ಇರೋ ಗ್ಯಾಸು ಅಜ್ಜಾ. ಅಷ್ಟರಲ್ಲೇ ಕೆಲಸ ಮುಗ್ಸತ್ತೆ."

"ಉಪ್ಪುನೀರ್ ಉಯ್ದ್ರೆ ಉಲ್ಲೂ ಒಣಗೋಯ್ತದೆ. ಎಲ್ಲಿ, ತೋರ್ಸು ನೋಡಾನ," ಎಂದರು ಮಾವ.

ಅವಳು ತೋರಿಸಲು ಹೊರಟೇಬಿಟ್ಟಳು. ಗ್ಯಾಸು ಬಿಡುವ ಕೆಂಪು ದ್ರಾವಣ ಅಪಾಯದ್ದು, ಮನೆಗೆ ತರುವಂತಿಲ್ಲ ಎಂದು ಭತ್ತದ ಬೀಜವನ್ನು ಲ್ಯಾಬಿನಲ್ಲೇ ಅದರಲ್ಲಿ ನೆನೆಸಿ, ತೊಳೆದು ತಂದಳು. ತಾರಸಿಯ ಮೇಲೆ ಖಾಲಿ ಮೊಸರಿನ ಡಬ್ಬಗಳ ಮೂರು ಸಾಲು. ಒಂದಕ್ಕೆ ಸಿಹಿನೀರು, ಒಂದಕ್ಕೆ ಉಪ್ಪುನೀರು, ನೆನೆಸಿದ ಬೀಜದ ಸಾಲಿಗೂ ಉಪ್ಪುನೀರು. ಬೆಳಗಾದರೆ ಇಬ್ಬರೂ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ನನ್ನ ಕಾಫಿ ಆರಿಹೋಗುತ್ತಿತ್ತು.

ಮೊದಲ ಸಲ ನೆನೆಸಿದ ಬೀಜದ ಸಾಲೇ ಎಲ್ಲಕ್ಕಿಂತ ಬೇಗ ಸುಟ್ಟುಹೋಯಿತು. ಅವಳು ಬೇಜಾರು ಮಾಡಿಕೊಂಡಾಳೆಂದು ನಾನಂದುಕೊಂಡರೆ, ಅವಳು ಒಂದೊಂದೇ ಸಸಿ ಕಿತ್ತು ಬೇರು ನೋಡುತ್ತಿದ್ದಳು. "ಡೋಸ್ ಜಾಸ್ತಿ ಆಗಿದೆ. ಜಾಸ್ತಿ ಆದ್ರೆ ಈ ಗ್ಯಾಸೇ ವಿಷ."

"ನಂಗೂ ಅಂಗೇಯ ಕಣವ್ವಾ. ಎಲ್ಡ್ ಮಾತ್ರೆ ಇಟ್ಕಂಡ್ರೆ ತಲೆ ಗಿರ್ ಅಂತದೆ," ಎಂದರು ಮಾವ.

ಎರಡನೇ ಸಲ ದ್ರಾವಣ ತೆಳುವಾಗಿತ್ತು. ಬರೀ ಉಪ್ಪುನೀರಿನ ಸಾಲು ತುದಿಯಿಂದ ಹಳದಿಯಾಗುತ್ತ ಬಂತು. ನೆನೆಸಿದ ಬೀಜದ ಪೈರು ಸಿಹಿನೀರಿನದರಷ್ಟು ಎತ್ತರ ಬರಲಿಲ್ಲ, ಆದರೆ ಹಸಿರಾಗಿ ನಿಂತಿತು. ಮಾವ ಅದರ ಮೇಲೆ ಅಂಗೈ ಆಡಿಸಿದ್ದು ಕಣ್ಣಿಗೆ ಕಟ್ಟಿದಂತಿದೆ...

ಓದಿಗೆ ಈ ವಿಷಯವನ್ನೇ ಯಾಕೆ ಹಿಡಿದೆ ಎಂದು ನಾನೊಮ್ಮೆ ಅವಳನ್ನು ಕೇಳಿದ್ದೆ. "ಕಟ್ಟೆ ಒಡೆದು ಸಮುದ್ರದ ನೀರು ನುಗ್ಗಿದ ವರ್ಷ ನಮ್ಮ ಗದ್ದೆಯೆಲ್ಲ ಹಾಳಾಯ್ತು ಅಕ್ಕಾ. ಎಲ್ರೂ ಸತ್ತ ಪೈರು ನೋಡಿ ಅಳ್ತಿದ್ರು. ಮೂಲೇಲಿ ಸ್ವಲ್ಪ ಹಸಿರು ಉಳ್ದಿತ್ತು. ಅದು ಯಾಕೆ ಸಾಯ್ಲಿಲ್ಲ ಅನ್ನೋದೇ ನಂಗೆ ತಲೇಲಿ ಕೂತ್ಬಿಡ್ತು."

ಅದಾಗಿ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ, ತಾರಸಿಯಿಂದ "ಅಕ್ಕಾ!" ಎಂಬ ಕೂಗು. ಓಡಿ ಹತ್ತಿದೆ. ಮಾವ ಬೆವರಿ ತೊಯ್ದಿದ್ದರು. ಅವಳು ಅವರನ್ನು ನೀರಿನ ಟ್ಯಾಂಕಿಗೆ ಒರಗಿಸಿ, ಅವರ ಜೇಬಿನಿಂದಲೇ ತೆಗೆದ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು, ಕೈ ಹಿಡಿದು ಕೂತಿದ್ದಳು. ಅವಸರದಲ್ಲಿ ಕಾಲು ತಾಗಿ ಡಬ್ಬಗಳೆಲ್ಲ ಉರುಳಿದ್ದವು. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ ಮಾವನ ಮೊದಲ ಪ್ರಶ್ನೆ, "ಪೈರೇನಾಯ್ತವ್ವಾ?"

"ಬಿದ್ದೋಯ್ತು ಅಜ್ಜಾ. ಮತ್ತೆ ಹಾಕೋಣ ಬಿಡಿ," ಎಂದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ.

ಮತ್ತೆ ಹಾಕಿದರು ಕೂಡ. ಓದು ಮುಗಿದ ಮೇಲೆ ಅವಳು ಊರಿನ ಕಡೆಯೇ ಕೆಲಸ ಸಿಕ್ಕಿ ಹೊರಟುಹೋದಳು. ಮೊದಮೊದಲು ಫೋನ್ ಬರುತ್ತಿತ್ತು. ಮಾವ ಸ್ಪೀಕರ್ ಹಾಕಿಸಿ ಅರ್ಧ ತಾಸು ಮಾತಾಡುತ್ತಿದ್ದರು. ಕ್ರಮೇಣ ಕಡಿಮೆಯಾಯಿತು... ಕಳೆದ ವರ್ಷ ಮಾವ ನಿದ್ದೆಯಲ್ಲೇ ಹೋದರು. ಆ ಗದ್ದಲದಲ್ಲಿ ಅವಳಿಗೆ ತಿಳಿಸುವುದು ಯಾರಿಗೂ ಹೊಳೆಯಲಿಲ್ಲ.

ನಿನ್ನೆ ಅವಳ ನಂಬರಿಗೆ ಫೋನ್ ಮಾಡಿದೆ. ಯಾರೋ ಗಂಡಸರು ಎತ್ತಿ, ರಾಂಗ್ ನಂಬರ್ ಎಂದರು. ಮಾವ ಇಲ್ಲವೆಂಬುದು ಅವಳಿಗೆ ಗೊತ್ತಿಲ್ಲ. ಕರಾವಳಿಯ ಯಾವುದೋ ಗದ್ದೆಯ ಬದುವಿನಲ್ಲಿ ಕೂತು ಹೊಸದೇನನ್ನೋ ಕಂಡು, ಇದನ್ನು ಅಜ್ಜನಿಗೆ ಹೇಳಬೇಕು ಅಂತ ಈಗಲೂ ಅಂದುಕೊಳ್ಳುತ್ತಿರಬಹುದು.